ಬೆಲೆಯಿಲ್ಲದ ಕಾಗದಕ್ಕೆ ಇಷ್ಟು ಅವಸರವೇಕೆ?

ಮದುವೆಗೆ ಮುಂಚೆ ಗಂಡಿನ ಕಡೆಯವರು ಒಂದು ಕರಾರುಪತ್ರ ತಂದು ಮುಂದಿಟ್ಟು ಸಹಿ ಕೇಳಿದರೆ ಏನು ಮಾಡಬೇಕು? ನಮ್ಮ ಕಡೆ ಇದಕ್ಕೊಂದು ಸಿದ್ಧ ಉತ್ತರ ಹುಟ್ಟಿಕೊಂಡಿದೆ. ‘ಹಾಕಿಬಿಡು. ಇಂಡಿಯಾದಲ್ಲಿ ಪ್ರಿನಪ್‌ಗೆ ಬೆಲೆಯೇ ಇಲ್ಲ. ಅದರಲ್ಲೂ ಒತ್ತಡ ಹಾಕಿ ಬರೆಸಿಕೊಂಡದ್ದು ಡೈವೋರ್ಸ್ ಕೇಸಿನಲ್ಲಿ ಅರೆಗಳಿಗೆ ನಿಲ್ಲುವುದಿಲ್ಲ. ಬರೀ ಕಾಗದ ಅದು.’ ನವಿ ಮುಂಬಯಿಯ ಮಹಾಪೆಯ ಮಿಲೆನಿಯಂ ಬಿಸಿನೆಸ್ ಪಾರ್ಕಿನಲ್ಲಿ ಪಕ್ಕದ ಕುರ್ಚಿಯ ಗೆಳತಿ ಹೇಳುವುದೂ ಇದನ್ನೇ, ಡೊಂಬಿವಲಿಯ ಸೋದರಮಾವ ಹೇಳುವುದೂ ಇದನ್ನೇ. ಕರಿಕೋಟಿನವರಲ್ಲಿ ಕೂಡ ಇಷ್ಟನ್ನೇ ಹೇಳಿ ಫೀಸು ಎಣಿಸಿಕೊಳ್ಳುವವರಿದ್ದಾರೆ. ಕೇಳುವುದಕ್ಕೆ ಎಷ್ಟು ಹಿತ! ಮುಹೂರ್ತ ತಪ್ಪುವುದಿಲ್ಲ, ಬೀಗರ ಮುಖ ಬಾಡುವುದಿಲ್ಲ, ಹುಡುಗಿಗೂ ಕಾನೂನು ತನ್ನ ಕಡೆಗಿದೆ ಎಂಬ ಧೈರ್ಯ.

ಹೆಣ್ಣುಮಕ್ಕಳಿಗೆ ಈ ಸಲಹೆಯಷ್ಟು ಕೇಡು ಮಾಡುವ ಸಲಹೆ ಇನ್ನೊಂದಿಲ್ಲ ಎಂಬುದು ನನ್ನ ವಾದ. ಅದು ಪೂರ್ತಿ ಸುಳ್ಳಾಗಿದ್ದರೆ ಅಪಾಯ ಕಡಿಮೆಯಿತ್ತು. ಅರ್ಧ ನಿಜವಿದೆ. ಆ ಅರ್ಧವನ್ನು ಮೊದಲೇ ಒಪ್ಪಿಬಿಡುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಪೂರ್ವ ಕರಾರಿಗೆ ಜಾಗವಿಲ್ಲ. ಸಾರ್ವಜನಿಕ ನೀತಿಗೆ ವಿರುದ್ಧವಾದ ಒಪ್ಪಂದ ಅಸಿಂಧು ಎನ್ನುತ್ತದೆ 1872ರ ಕರಾರು ಕಾಯ್ದೆಯ 23ನೇ ಕಲಂ. ಮುಂದೆ ಬೇರೆಯಾದರೆ ಹೀಗೆ ಹೀಗೆ ಎಂದು ಗಂಡ ಹೆಂಡತಿ ಮೊದಲೇ ಬರೆದಿಡುವುದನ್ನು ನಮ್ಮ ಕೋರ್ಟುಗಳು ಬಹಳ ಕಾಲದಿಂದ ಆ ಲೆಕ್ಕಕ್ಕೇ ಸೇರಿಸುತ್ತ ಬಂದಿವೆ. 1901ರಲ್ಲಿ ಕಲ್ಕತ್ತಾ ಹೈಕೋರ್ಟ್ ತೀರ್ಮಾನಿಸಿದ ಟಿಕೈತ್ ಮೋನಮೋಹಿನಿ ಪ್ರಕರಣವನ್ನು ವಕೀಲರು ಇವತ್ತಿಗೂ ಎತ್ತಿಕೊಳ್ಳುತ್ತಾರೆ. ಹೆಂಡತಿಯನ್ನು ಅವಳ ತವರಿನಿಂದ ಎಂದೂ ಕರೆದೊಯ್ಯುವುದಿಲ್ಲವೆಂದು ಮದುವೆಗೆ ಮುಂಚೆ ಗಂಡು ಒಪ್ಪಿಕೊಂಡಿದ್ದ. ವರ್ಷಗಳ ಮೇಲೆ, ಹೆಂಡತಿ ತನ್ನ ಮನೆಗೆ ಬಂದು ಸಂಸಾರ ಮಾಡಬೇಕೆಂದು ಅವನೇ ದಾವೆ ಹೂಡಿದ. ಕೋರ್ಟು ಕರಾರನ್ನು ಬದಿಗೆ ಸರಿಸಿತು. ಹೆಣ್ಣನ್ನು ಕಾಯುತ್ತದೆಂದು ನಾವು ನೆಚ್ಚಿಕೊಂಡಿರುವ ನಿಯಮ ಮನೆಅಳಿಯನೊಬ್ಬನನ್ನು ಅವನು ಕೊಟ್ಟ ಮಾತಿನಿಂದ ಬಿಡಿಸಿದ್ದು. ಇದನ್ನು ಯಾಕೋ ಯಾರೂ ಹೇಳುವುದಿಲ್ಲ.

ಜೀವನಾಂಶದ ಹಕ್ಕನ್ನು ಬಿಟ್ಟುಕೊಡುವ ಒಪ್ಪಂದವೂ ನಿಲ್ಲುವುದಿಲ್ಲ, ನಿಜ. 2018ರ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಸ್ಪಷ್ಟವಾಗಿ ಹೇಳಿದೆ. ಸುಪ್ರೀಂ ಕೋರ್ಟು ಅದನ್ನೇ ಹೇಳಿದ್ದು ನಮ್ಮ ಕಲಬುರಗಿಯ ಒಂದು ಪ್ರಕರಣದಲ್ಲಿ. ‘ಬರೀ ಕಾಗದ’ ಎನ್ನುವವರು ಆ ತೀರ್ಪಿನ ಕೊನೆಯ ಸಾಲನ್ನು ಮಾತ್ರ ಓದುತ್ತಾರೆ. ಅದರ ಇಸವಿಗಳನ್ನು ಓದಬೇಕು.

1987ರಲ್ಲಿ ಮದುವೆ. ಗಂಡ ನೋಡಿಕೊಳ್ಳುತ್ತಿಲ್ಲವೆಂದು 1992ರಲ್ಲಿ ಹೆಂಡತಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಕೇಳಿದ್ದು ತಿಂಗಳಿಗೆ 500 ರೂಪಾಯಿ. 1994ರ ಸೆಪ್ಟೆಂಬರಿನಲ್ಲಿ ರಾಜಿ: ಒಟ್ಟಿಗೆ 8,000 ರೂಪಾಯಿ, ಇನ್ನು ಮುಂದೆ ಜೀವನಾಂಶ ಕೇಳುವಂತಿಲ್ಲ. ಅವಳು ಕೇಳಿದ್ದ ಲೆಕ್ಕದಲ್ಲಿ ಅದು ಹದಿನಾರು ತಿಂಗಳ ಅನ್ನ. ಆ ಆದೇಶವನ್ನು ರದ್ದು ಮಾಡಿ ಎಂದು 2003ರಲ್ಲಿ ಅರ್ಜಿ ಹಾಕಿದಳು. ಅದು ವಜಾ ಆಯಿತು. ಅಷ್ಟರಲ್ಲಿ, 2005ರಲ್ಲಿ, 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಬೇರೆ ದಾವೆ ಹೂಡಿದ್ದಳು. 2009ರಲ್ಲಿ ಕುಟುಂಬ ನ್ಯಾಯಾಲಯ ತಿಂಗಳಿಗೆ 2,000 ರೂಪಾಯಿ ಎಂದಿತು. ಗಂಡ ಹೈಕೋರ್ಟಿಗೆ ಹೋದ, ಸೋತ. ಸುಪ್ರೀಂ ಕೋರ್ಟಿಗೂ ಹೋದ. 1994ರ ಆ ಒಪ್ಪಂದ ಸಾರ್ವಜನಿಕ ನೀತಿಗೆ ವಿರುದ್ಧ, ಅದು ಹೆಂಡತಿಯ ಹಕ್ಕಿಗೆ ಅಡ್ಡ ಬರಲಾರದು ಎಂದು ಅಲ್ಲಿ ಹೇಳಿಸಿಕೊಳ್ಳುವಾಗ 2013ರ ಮಾರ್ಚ್.

ಅದು ಮದುವೆಪೂರ್ವ ಕರಾರಲ್ಲ, ಮನಸ್ತಾಪ ಬೆಳೆದ ಮೇಲಿನ ರಾಜಿಪತ್ರ, ಒಪ್ಪುತ್ತೇನೆ. ಆದರೂ ಹಕ್ಕು ಬಿಟ್ಟುಕೊಡುವ ಕಾಗದ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಗೊತ್ತಿಲ್ಲ. ಬೆಲೆಯಿಲ್ಲದ ಆ ಕಾಗದ ಹತ್ತೊಂಬತ್ತು ವರ್ಷ ಬಾಳಿತು. ಕಡೆಗೆ ಸತ್ತಿತಲ್ಲ ಎಂದು ವಕೀಲರು ಹೇಳಬಹುದು. ಅಷ್ಟು ವರ್ಷ ಅದು ಮಾಡಿದ ಕೆಲಸವನ್ನು ಯಾವ ತೀರ್ಪು ವಾಪಸ್ ಮಾಡಿಸುತ್ತದೆ? ಗಂಡನ ಮನೆಯವರಿಗೂ ಬೇಕಿರುವುದು ಇಷ್ಟೇ. ಅವರು ಕರಾರು ಬರೆಸಿಕೊಳ್ಳುವುದು ಥಾಣೆಯ ಫ್ಯಾಮಿಲಿ ಕೋರ್ಟಿನ ಜಡ್ಜ್‌ ಓದಲಿ ಎಂದಲ್ಲ. ಸೊಸೆ ಅಲ್ಲಿಯವರೆಗೆ ಹೋಗದಿರಲಿ ಎಂದು. ‘ಸಹಿ ಮಾಡಿದ್ದೀಯಲ್ಲ, ನೆನಪಿದೆಯಾ?’ ಎಂಬ ಒಂದು ಮಾತು ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಕೇಳಿಬಂದರೆ ಸಾಕು. ಅದು ಅಸಿಂಧು ಎಂದು ತಿಳಿಸುವ ವಕೀಲರು ಆ ಅಡುಗೆಮನೆಯಲ್ಲಿ ಇರುವುದಿಲ್ಲ.

ಇನ್ನು ಒತ್ತಡದ ಮಾತು. ಒತ್ತಾಯದಿಂದ ಪಡೆದ ಸಹಿ ತನ್ನಷ್ಟಕ್ಕೆ ಬಿದ್ದುಹೋಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಕರಾರು ಕಾಯ್ದೆಯ 15ನೇ ಕಲಮನ್ನು ತೆರೆದು ನೋಡಿದವರು ಕಡಿಮೆ. ಅಲ್ಲಿ ಬಲವಂತ ಎಂದರೆ ದಂಡಸಂಹಿತೆ ನಿಷೇಧಿಸಿದ ಕೃತ್ಯ ಮಾಡುವುದು ಅಥವಾ ಮಾಡುತ್ತೇನೆಂದು ಬೆದರಿಸುವುದು, ಇಲ್ಲವೇ ಆಸ್ತಿಯನ್ನು ಅಕ್ರಮವಾಗಿ ಹಿಡಿದಿಟ್ಟುಕೊಳ್ಳುವುದು. ಹೆಂಡತಿ ಮಗನಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಆತ್ಮಹತ್ಯೆಯ ಬೆದರಿಕೆ ಹಾಕಿದ ಗಂಡನ ಪ್ರಕರಣದಲ್ಲಿ, 1917ರಲ್ಲಿ, ಅದು ಬಲವಂತ ಎಂದು ಮದ್ರಾಸ್ ಹೈಕೋರ್ಟ್ ಬಹುಮತದಿಂದ ಹೇಳಿತು; ಅಷ್ಟಕ್ಕೂ ಒಬ್ಬ ನ್ಯಾಯಮೂರ್ತಿ ಒಪ್ಪಲಿಲ್ಲ. ಈಗ ನಮ್ಮ ಹುಡುಗಿಗೆ ಹಾಕುವ ಬೆದರಿಕೆ ಯಾವುದು? ‘ಸಹಿ ಇಲ್ಲದಿದ್ದರೆ ಮದುವೆ ಇಲ್ಲ.’ ಮದುವೆ ಬೇಡ ಎನ್ನುವುದು ಯಾವ ದಂಡಸಂಹಿತೆಯಲ್ಲೂ ಅಪರಾಧವಲ್ಲ.

ಜುಯಿನಗರದ ಹಾಲ್ ಬುಕ್ ಆಗಿದೆ, ಅಡ್ವಾನ್ಸ್ ಹೋಗಿದೆ. ಉಡುಪಿಯಿಂದ, ಹುಬ್ಬಳ್ಳಿಯಿಂದ ಬರುವವರ ರೈಲು ಟಿಕೆಟ್ ಆಗಿದೆ. ಮೊದಲ ಲಗ್ನಪತ್ರಿಕೆ ದೇವರ ಮುಂದೆ ಇಟ್ಟಾಗಿದೆ. ಆಗ ಬರುತ್ತದೆ ಈ ಐನೂರು ರೂಪಾಯಿಯ ಸ್ಟ್ಯಾಂಪ್ ಪೇಪರು. ಅದಕ್ಕೆ ಮುಂಚೆ ಬರುವುದೇ ಇಲ್ಲ. ನಿಶ್ಚಿತಾರ್ಥದ ಮಾತುಕತೆಯಲ್ಲಿ ಅದರ ಸೊಲ್ಲೇ ಇರುವುದಿಲ್ಲ. ನನ್ನ ಕಣ್ಣಿಗೆ ಒತ್ತಡದ ಸಾಕ್ಷಿ ಈ ದಿನಾಂಕದಲ್ಲೇ ಇದೆ. ಕಾನೂನಿನ ಕಣ್ಣಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅವಳು 16ನೇ ಕಲಮಿನ ಅನುಚಿತ ಪ್ರಭಾವದ ದಾರಿ ಹಿಡಿಯಬೇಕು: ಎದುರಿನವನು ತನ್ನ ಇಚ್ಛೆಯ ಮೇಲೆ ಸವಾರಿ ಮಾಡುವ ಸ್ಥಾನದಲ್ಲಿದ್ದ, ಅದನ್ನು ಬಳಸಿ ಅನ್ಯಾಯದ ಲಾಭ ಪಡೆದ ಎಂದು ತೋರಿಸಬೇಕು. ಎಂಜಿನಿಯರಿಂಗ್ ಓದಿದವಳು, ಸಂಬಳ ತರುವವಳು, ದಿನಾ ಶಿಲ್‌ಫಾಟಾದ ಟ್ರಾಫಿಕ್ ದಾಟಿ ಆಫೀಸಿಗೆ ಹೋಗಿ ಬರುವವಳು ಬೇರೊಬ್ಬನ ಇಚ್ಛೆಗೆ ಸಿಕ್ಕಿಬಿದ್ದಿದ್ದಳು ಎಂದರೆ ಎದುರು ವಕೀಲ ನಗುವುದಿಲ್ಲವೇ? ತೋರಿಸಿದರೂ ಆ ಕರಾರು ಹುಟ್ಟಿನಿಂದಲೇ ಸತ್ತದ್ದಾಗುವುದಿಲ್ಲ. ಬೇಡವೆಂದು ಅವಳು ರದ್ದುಪಡಿಸಿಕೊಳ್ಳಬಹುದಾದದ್ದು, ಅಷ್ಟೇ. ರದ್ದತಿಗೆ ತಾನೇ ದಾವೆ ಹೂಡುವುದಾದರೆ ಕಾಲಮಿತಿ ಕಾಯ್ದೆಯ 59ನೇ ವಿಧಿ ಕೊಡುವುದು ಮೂರು ವರ್ಷ. ಮದುವೆಯಾದ ಮೊದಲ ಮೂರು ವರ್ಷದಲ್ಲಿ ಯಾವ ಹೆಣ್ಣು ಗಂಡನ ಮೇಲೆ ಅಂಥ ದಾವೆ ಹೂಡುತ್ತಾಳೆ?

ಜೊತೆಗೆ ಆ ಪತ್ರದ ಮೊದಲ ಸಾಲನ್ನು ನೋಡಿ. ‘ಸ್ವಸಂತೋಷದಿಂದ, ಸ್ವಸ್ಥ ಮನಸ್ಸಿನಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟ’ ಎಂದೇ ಅದು ಶುರುವಾಗುತ್ತದೆ. ಇಂಗ್ಲಿಷಿನಲ್ಲಿರಲಿ, ಮರಾಠಿಯಲ್ಲಿರಲಿ, ಈ ಸಾಲು ತಪ್ಪುವುದಿಲ್ಲ. ಬರಹದಲ್ಲಿರುವುದರ ವಿರುದ್ಧ ಬಾಯಿಮಾತಿನ ಸಾಕ್ಷ್ಯ ನಡೆಯದು ಎಂಬುದು ನಮ್ಮ ಸಾಕ್ಷ್ಯ ಕಾನೂನಿನ ಹಳೆಯ ನಿಯಮ. ಮೋಸ, ಬೆದರಿಕೆಗಳಿಗೆ ವಿನಾಯಿತಿ ಇದೆ. ಆದರೆ ವಿನಾಯಿತಿ ಬೇಕಾದವರೇ ಅದನ್ನು ಸಾಬೀತು ಮಾಡಬೇಕು. ಸಾಕ್ಷಿ ಹೇಳಬೇಕಾದವರು ಯಾರು? ‘ಹಾಕಿಬಿಡು’ ಎಂದ ಸೋದರಮಾವನೇ. ಅವನು ಕಟಕಟೆಯಲ್ಲಿ ನಿಂತು ನಾವೇ ಅವಳನ್ನು ಒತ್ತಾಯಿಸಿದೆವು ಎನ್ನುತ್ತಾನೆಯೇ?

‘ಬರೀ ಕಾಗದ’ದ ಪಂಡಿತರು ಮರೆತ ಇನ್ನೊಂದು ಸಂಗತಿ ಎಲ್ಲಕ್ಕಿಂತ ದೊಡ್ಡದು. ಈ ಪತ್ರಗಳಲ್ಲಿ ಜೀವನಾಂಶದ ಒಂದು ಷರತ್ತು ಮಾತ್ರ ಇರುವುದಿಲ್ಲ. ವರದಕ್ಷಿಣೆ ಕೊಟ್ಟಿಲ್ಲ, ತೆಗೆದುಕೊಂಡಿಲ್ಲ ಎಂದು ಒಂದು ಕಡೆ ಬರೆದಿರುತ್ತದೆ. ತವರಿನ ಚಿನ್ನವೆಲ್ಲ ವಧುವಿನ ವಶದಲ್ಲೇ ಇದೆ ಎಂದು ಇನ್ನೊಂದು ಕಡೆ. ಘನ್ಸೋಲಿಯ ಫ್ಲ್ಯಾಟಿನ ಕಂತಿಗೆ ಅವಳ ಖಾತೆಯಿಂದ ಹೋಗುವ ಹಣ ಮನೆಖರ್ಚಿನ ಪಾಲು, ಅದರಿಂದ ಫ್ಲ್ಯಾಟಿನ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂದು ಮತ್ತೊಂದು ಕಡೆ. ಇವು ಭವಿಷ್ಯದ ಕರಾರುಗಳಲ್ಲ, ನಡೆದದ್ದರ ಬಗ್ಗೆ ಅವಳ ಸಹಿಯಿರುವ ಒಪ್ಪಿಗೆಗಳು. ಕರಾರು ಅಸಿಂಧುವಾದರೂ ಒಪ್ಪಿಗೆ ಸಾಕ್ಷ್ಯವಾಗಿ ಉಳಿಯುತ್ತದೆ. 1984ರ ಕುಟುಂಬ ನ್ಯಾಯಾಲಯ ಕಾಯ್ದೆಯ 14ನೇ ಕಲಂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ವ್ಯಾಜ್ಯ ತೀರಿಸಲು ನೆರವಾಗುವುದಾದರೆ, ಸಾಕ್ಷ್ಯ ಕಾಯ್ದೆ ಒಪ್ಪದ ದಾಖಲೆಯನ್ನೂ ಆ ಕೋರ್ಟು ನೋಡಬಹುದು. ಅಂದರೆ ಬೇರೆ ಕೋರ್ಟಿನ ಬಾಗಿಲಲ್ಲಿ ನಿಲ್ಲಬೇಕಾದ ಕಾಗದವೂ ಇಲ್ಲಿ ಒಳಗೆ ಬರಬಹುದು.

ಮದುವೆಯಲ್ಲಿ ಹೆಣ್ಣಿಗೆ ಬಂದ ಸ್ತ್ರೀಧನ ಅವಳದ್ದೇ, ಗಂಡನ ಮನೆಯವರು ಇಟ್ಟುಕೊಂಡು ಕೊಡದಿದ್ದರೆ ಅದು ನಂಬಿಕೆದ್ರೋಹದ ಅಪರಾಧ ಎಂದು 1985ರ ಪ್ರತಿಭಾ ರಾಣಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಎಷ್ಟು ಗಟ್ಟಿಯಾಗಿ ಹೇಳಿತು! ‘ಎಲ್ಲ ನನ್ನ ಬಳಿಯೇ ಇದೆ’ ಎಂಬ ಒಂದು ಸಾಲಿಗೆ ಸಹಿ ಹಾಕಿದವಳು ಆ ತೀರ್ಪಿನ ರಕ್ಷಣೆಯನ್ನು ತಾನೇ ಅರ್ಧ ಕಳಚಿಟ್ಟಂತೆ.

ಫ್ಲ್ಯಾಟಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಕೆಳ ಮಧ್ಯಮ, ಮೇಲು ಮಧ್ಯಮ ವರ್ಗದವರಿಗೆ ಆಸ್ತಿ ಎಂದರೆ ಐರೋಲಿ, ಘನ್ಸೋಲಿ, ಕಲ್ಯಾಣದ ಆ ಎರಡು ಕೋಣೆ, ಮತ್ತು ಇಪ್ಪತ್ತು ವರ್ಷದ ಸಾಲ. ಗಂಡ ಹೆಂಡತಿ ಕೂಡಿ ಗಳಿಸಿದ್ದರಲ್ಲಿ ಇಬ್ಬರಿಗೂ ಪಾಲು ಎಂಬ ನಿಯಮ ಹಿಂದೂ ಕಾನೂನಿನಲ್ಲಿಲ್ಲ. ಯಾರ ಹೆಸರಿನಲ್ಲಿದೆ, ಯಾರು ಹಣ ಕೊಟ್ಟರು ಎಂಬುದರ ಮೇಲೆ ಎಲ್ಲ ನಿಂತಿದೆ. ಹೀಗಿರುವಾಗ ತನ್ನ ಹಣ ಮನೆಖರ್ಚಿಗೆ ಹೋಯಿತು ಎಂದು ಬರೆದುಕೊಟ್ಟವಳ ಕೈಯಲ್ಲಿ ಉಳಿಯುವುದೇನು? ಹೆಣ್ಣಿನ ಹೆಸರಿನಲ್ಲಿ ಮನೆ ಕೊಂಡರೆ ಮಹಾರಾಷ್ಟ್ರ ಸರ್ಕಾರ 2021ರಿಂದ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇಕಡಾ 1ರಷ್ಟು ರಿಯಾಯಿತಿ ಕೊಡುತ್ತಿದೆ. ರಿಯಾಯಿತಿಗಾಗಿ ಸೊಸೆಯ ಹೆಸರು, ಭದ್ರತೆಗಾಗಿ ಅವಳಿಂದ ‘ಹೆಸರು ಮಾತ್ರ ನನ್ನದು’ ಎಂಬ ಒಂದು ಷರತ್ತು. ಸರ್ಕಾರದ ಮುಂದೆ ಮಾಲಕಿ, ಮನೆಯವರ ಮುಂದೆ ಬಾಡಿಗೆಯಿಲ್ಲದ ಬಾಡಿಗೆದಾರಳು. ನಮ್ಮಲ್ಲಿ ಅನೇಕರ ಅಜ್ಜಿಯರು ಅಳಿಯಕಟ್ಟಿನ ಮನೆಗಳಿಂದ ಬಂದವರು. ಆಸ್ತಿ ತಾಯಿಯ ಸಾಲಿನಲ್ಲಿ ಇಳಿಯುತ್ತಿತ್ತು, ಗಂಡ ಬಿಟ್ಟರೂ ಕಾಲೂರಲು ಕುಟುಂಬದ ಮನೆಯಿತ್ತು. ಮೊಮ್ಮಗಳು ಅವರಿಗಿಂತ ಹೆಚ್ಚು ಓದಿ, ಹೆಚ್ಚು ಗಳಿಸಿ, ಅವರಿಗಿದ್ದಷ್ಟನ್ನೂ ತನಗೆ ಉಳಿಸದ ಕಾಗದಕ್ಕೆ ಸಹಿ ಹಾಕುತ್ತಿದ್ದಾಳೆ.

ಮಹಾಪೆಯವರಿಗೆ ನಾನು ಎತ್ತಿ ಹೇಳಬೇಕಾದದ್ದು ಇನ್ನೊಂದಿದೆ. ‘ಇಂಡಿಯಾದಲ್ಲಿ ಬೆಲೆಯಿಲ್ಲ’ ಎಂಬ ಮಾತಿನಲ್ಲೇ ಇಂಡಿಯಾದ ಗಡಿ ಇದೆ. ಇಲ್ಲಿನ ಐಟಿ ಕಂಪನಿಗಳಲ್ಲಿ ದುಡಿಯುವವರು ಮದುವೆಯಾದ ಎರಡನೇ ವರ್ಷಕ್ಕೆ ಆನ್‌ಸೈಟ್ ಎಂದು ಹೊರಡುತ್ತಾರೆ. ಸಹಿ ವಾಶಿಯಲ್ಲಿ ಬಿದ್ದಿರುತ್ತದೆ, ಸಂಸಾರ ಮುರಿಯುವುದು ಲಂಡನ್ನಿನಲ್ಲೋ ನ್ಯೂಜೆರ್ಸಿಯಲ್ಲೋ. ಬ್ರಿಟನ್ನಿನ ಸುಪ್ರೀಂ ಕೋರ್ಟು 2010ರ ಅಕ್ಟೋಬರಿನಲ್ಲಿ, ರಾಡ್ಮಾಕರ್ ಪ್ರಕರಣದಲ್ಲಿ, ಸ್ವಇಚ್ಛೆಯಿಂದ ಅರಿತು ಮಾಡಿಕೊಂಡ ಮದುವೆಪೂರ್ವ ಕರಾರಿಗೆ, ಅದನ್ನು ಜಾರಿ ಮಾಡುವುದು ಅನ್ಯಾಯವಾಗದಿದ್ದರೆ, ಮನ್ನಣೆ ಕೊಡಬೇಕೆಂದಿತು. ಒಂಬತ್ತು ನ್ಯಾಯಾಧೀಶರಲ್ಲಿ ಭಿನ್ನಮತ ಬರೆದದ್ದು ಲೇಡಿ ಹೇಲ್ ಒಬ್ಬರೇ. ಆ ಪೀಠದ ಒಬ್ಬಳೇ ಹೆಣ್ಣು. ನ್ಯೂಜೆರ್ಸಿಯಲ್ಲಿ ಕರಾರು ಸರಿಯಿಲ್ಲ ಎನ್ನುವವರ ಮೇಲೆಯೇ ಸಾಬೀತಿನ ಹೊರೆ. ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ 1988ರಲ್ಲಿ, ಸ್ವೀಡನ್ನಿನಿಂದ ಬಂದಿದ್ದ ಹುಡುಗಿಯಿಂದ ಮದುವೆಯ ಹಿಂದಿನ ದಿನ ಸಹಿ ಹಾಕಿಸಿಕೊಂಡ. ಅವಳ ಕಡೆ ವಕೀಲರಿರಲಿಲ್ಲ. 2000ದಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಆ ಕರಾರನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ಶಾಸನಸಭೆಯೇ ಎಚ್ಚೆತ್ತು, ಕರಾರಿನ ಪ್ರತಿ ಕೈಸೇರಿ ಏಳು ದಿನವಾದರೂ ಕಳೆದಿರಬೇಕು, ಸಹಿ ಹಾಕುವವರಿಗೆ ಸ್ವಂತ ವಕೀಲರಿರಬೇಕು, ಇಲ್ಲವೇ ವಕೀಲರು ಬೇಡವೆಂದು ಅವರು ಬೇರೆಯಾಗಿ ಬರೆದುಕೊಟ್ಟಿರಬೇಕು ಎಂದು ಕಾನೂನು ಮಾಡಬೇಕಾಯಿತು.

ಒತ್ತಡದ ಸಹಿ ಸೋತ ಪ್ರಕರಣವೂ ಇದೆ, ಅದನ್ನು ಮುಚ್ಚಿಡಲಾರೆ. ಆಸ್ಟ್ರೇಲಿಯಾದ ಅರುವತ್ತೇಳರ ಶ್ರೀಮಂತ ಬಿಲ್ಡರನೊಬ್ಬ ಆನ್‌ಲೈನಿನಲ್ಲಿ ಪರಿಚಯವಾದ ಮೂವತ್ತಾರರ ಹೆಣ್ಣೊಬ್ಬಳನ್ನು ತನ್ನ ದೇಶಕ್ಕೆ ಕರೆಸಿಕೊಂಡ. ಅವಳಿಗೆ ಅಲ್ಲಿ ಬೇರೆ ದಿಕ್ಕಿರಲಿಲ್ಲ. 2007ರ ಸೆಪ್ಟೆಂಬರ್ 30ಕ್ಕೆ ಮದುವೆ; 26ಕ್ಕೆ ಸಹಿ. ಅವಳ ತಂದೆತಾಯಿ ಊರಿನಿಂದ ಬಂದಾಗಿತ್ತು, ಉಡುಪು ಹೊಲಿಸಿಯಾಗಿತ್ತು. ಅವಳ ವಕೀಲೆ ಸಹಿ ಹಾಕಬೇಡ ಎಂದರೂ ಹಾಕಿದಳು. 2017ರ ನವೆಂಬರಿನಲ್ಲಿ ಅಲ್ಲಿನ ಹೈಕೋರ್ಟು, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಕರಾರನ್ನು ರದ್ದು ಮಾಡಿತು. ವಕೀಲರ ಎಚ್ಚರಿಕೆಯನ್ನೂ ಮೀರಿ ಅವಳು ಸಹಿ ಹಾಕಿದ್ದು ಅವಳಿಗೆ ಬೇರೆ ಆಯ್ಕೆಯೇ ಕಾಣದಿದ್ದುದರ ಗುರುತು ಎಂದು ಮೊದಲ ಕೋರ್ಟು ಕಂಡಿದ್ದನ್ನೇ ಅದು ಎತ್ತಿಹಿಡಿಯಿತು. ನಡುವೆ ಮೇಲ್ಮನವಿಯಲ್ಲಿ ಅವಳು ಸೋತಿದ್ದಳು, ಗಂಡ ಸತ್ತಿದ್ದ, ಅವನ ಮಕ್ಕಳು ಕೇಸು ಮುಂದುವರಿಸಿದ್ದರು. ಸಹಿ ಬಿದ್ದು ಹತ್ತು ವರ್ಷವಾಗಿತ್ತು. ಒತ್ತಡದ ಕರಾರಿನ ವಿರುದ್ಧ ಹೆಣ್ಣು ಗೆದ್ದ ಅತ್ಯುತ್ತಮ ಉದಾಹರಣೆಯೇ ಹೀಗಿದೆ. ಘನ್ಸೋಲಿಯ ಹುಡುಗಿಗೆ ಇದನ್ನು ಧೈರ್ಯದ ಮಾತಾಗಿ ಹೇಳುವುದು ಹೇಗೆ?

2024ರ ಡಿಸೆಂಬರಿನಲ್ಲಿ ಬೆಂಗಳೂರಿನ ಟೆಕ್ಕಿಯೊಬ್ಬರು ಹೆಂಡತಿಯ ಜೊತೆಗಿನ ಕೋರ್ಟು ವ್ಯಾಜ್ಯದ ನಡುವೆ ಆತ್ಮಹತ್ಯೆ ಮಾಡಿಕೊಂಡ ಮೇಲೆ ಇನ್ನೊಂದು ಕೂಗು ಜೋರಾಗಿದೆ: ಪ್ರಿನಪ್‌ಗೆ ಕಾನೂನಿನ ಮುದ್ರೆ ಒತ್ತಿಬಿಡಿ, ಎಲ್ಲ ಸರಿಹೋಗುತ್ತದೆ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಇಲಾಖೆಯೇ 2015ರಲ್ಲಿ ಈ ಬಗ್ಗೆ ಯೋಚಿಸಿತ್ತು. ಗೋವಾವನ್ನು ತೋರಿಸುತ್ತಾರೆ, ಪೋರ್ಚುಗೀಸರ 1867ರ ಸಂಹಿತೆಯ ಕಾಲದಿಂದ ಅಲ್ಲಿ ಮದುವೆಪೂರ್ವ ಕರಾರು ನಡೆಯುತ್ತದಲ್ಲ ಎಂದು. ನಡೆಯುತ್ತದೆ. ಆದರೆ ಅಲ್ಲಿ ಏನೂ ಬರೆಯದೆ ಮದುವೆಯಾದರೆ ಗಂಡ ಹೆಂಡತಿಯರ ಆಸ್ತಿ ಕೂಡಿ ಇಬ್ಬರಿಗೂ ಅರ್ಧರ್ಧ. ಸಹಿ ಹಾಕುವವಳಿಗೆ ತಾನು ಬಿಟ್ಟುಕೊಡುತ್ತಿರುವುದು ಏನೆಂದು ಗೊತ್ತಿರುತ್ತದೆ, ಬೇಡ ಎಂದರೆ ಅರ್ಧ ಉಳಿಯುತ್ತದೆ. ಥಾಣೆ ಜಿಲ್ಲೆಯಲ್ಲಿ ಬೇಡ ಎಂದವಳಿಗೆ ಉಳಿಯುವುದು ಜೀವನಾಂಶದ ಅರ್ಜಿ. ಆ ಅರ್ಧವನ್ನು ಮೊದಲು ಕೊಡಿ, ಆಮೇಲೆ ಕರಾರಿನ ಮಾತಾಡೋಣ.

ಇಷ್ಟೆಲ್ಲ ಹೇಳಿದ ಮೇಲೂ ‘ಒಂದು ಸಹಿಯಿಂದ ಏನಾಗುತ್ತದೆ?’ ಎನ್ನುವ ಬೀಗರಿಗೆ ಇನ್ನೊಂದು ಕಾಗದ ಕೊಟ್ಟು ನೋಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ನಿಯಮಗಳು ಬಂದಿವೆ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆ, ವರನಿಗೆ ಬಂದ ಉಡುಗೊರೆ, ಎರಡರ ಪಟ್ಟಿಯೂ ಬರಹದಲ್ಲಿರಬೇಕು. ಏನು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನೆಂಟಸ್ತಿಕೆ ಏನು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ನಮ್ಮ ಮದುವೆಗಳಲ್ಲಿ ಕಾನೂನು ತಾನಾಗಿ ಕೇಳುವ ಕಾಗದ ಇದು. ನಾನು ಹೋದ ಯಾವ ಮದುವೆಮನೆಯಲ್ಲೂ ಇದನ್ನು ಕಂಡಿಲ್ಲ. ಕರಾರಿಗೆ ಐದು ಪುಟ ಟೈಪು ಮಾಡಿಸಿ ತಂದವರು ಈ ಒಂದು ಪುಟದ ಪಟ್ಟಿಯನ್ನು ಕಂಡರೆ ‘ನಮ್ಮ ಮೇಲೆ ನಂಬಿಕೆ ಇಲ್ಲವೇ?’ ಎನ್ನುತ್ತಾರೆ.

ಆದ್ದರಿಂದ ಕಾಗದ ಬಂದ ದಿನ ಹುಡುಗಿ ಮಾಡಬೇಕಾದದ್ದು ಇಷ್ಟು. ಪ್ರತಿ ಕೇಳಿ ಇಟ್ಟುಕೊಳ್ಳಬೇಕು. ಅವರು ಕರೆತಂದ ವಕೀಲರಿಗೆ ನಮಸ್ಕಾರ ಹೇಳಿ ತನ್ನ ವಕೀಲರಿಗೆ ತೋರಿಸಬೇಕು. ಕ್ಯಾಲಿಫೋರ್ನಿಯಾದವರ ಲೆಕ್ಕ ಇಲ್ಲಿ ಕಾನೂನಲ್ಲದಿದ್ದರೂ ಏಳು ದಿನ ಬೇಕು ಎನ್ನಬೇಕು. ಬೆಲೆಯಿಲ್ಲದ ಕಾಗದವಾದರೆ ಏಳು ದಿನಕ್ಕೆ ಯಾರೂ ಸಿಟ್ಟಾಗಬಾರದು. ಮಾತುಕತೆ ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಿ ಬರೆದೇ ಆಗಲಿ. ‘ನಾಳೆ ಸಹಿ ಆಗದಿದ್ದರೆ ಮುಹೂರ್ತ ಇಲ್ಲ’ ಎಂಬ ಸಂದೇಶ ಬಂದರೆ ಅಳಿಸಬಾರದು, ಆ ಫೋನನ್ನು ಎಕ್ಸ್‌ಚೇಂಜಿಗೂ ಕೊಡಬಾರದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಸ್ಕ್ರೀನ್‌ಶಾಟಿನ ಜೊತೆ ಪ್ರಮಾಣಪತ್ರವೂ ಬೇಕಾಗುತ್ತದೆ.